ಮೈಲುತುತ್ತ ಮೊದಲು, ಹೆಂಚು ಆಮೇಲೆ

ಸಾಗರದ ಕಡೆ ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಬೇಕು, ಅಂದರೆ ತೆಗೆದು ನೋಡಿ, ಒಡೆದದ್ದು ಬದಲಿಸಿ ಮತ್ತೆ ಹೊದಿಸಬೇಕು. ಮಾವ ಹೋದ ಮೇಲೆ ನಮ್ಮ ಅತ್ತೆ ಮನೆಯಲ್ಲಿ ಆ ಕೆಲಸ ತಪ್ಪಿತ್ತು. ಈ ಸಲ ಮೇ ಕೊನೆಗೆ ಕೆಲಸದವರು ಸಿಕ್ಕಿದರು ಅಂತ ನಾನೂ ಹೋಗಿದ್ದೆ.

ಮಂಗಗಳು ಹಾರಿ ಒಡೆದ ಹೆಂಚು ಬಹಳ ಇರಲಿಲ್ಲ. ಬರೀ ಅಷ್ಟೇ ಆಗಿದ್ದರೆ ಖರ್ಚು ದೊಡ್ಡದಲ್ಲ. ಆದರೆ ಅಡುಗೆಮನೆ ಮೇಲೆ ಹೆಂಚು ಎತ್ತಿದಾಗ ಅಡಿಯ ರೀಪು (ಹೆಂಚು ಕೂರುವ ಮರದ ಪಟ್ಟಿ) ಕೈಯಲ್ಲೇ ಪುಡಿಯಾಯಿತು. ಹಿರಿಯ ಕೆಲಸಗಾರರು ಕತ್ತಿಯಿಂದ ಪಕಾಸಿ (ರೀಪು ಹೊರುವ ಇಳಿಜಾರು ಮರ) ತಟ್ಟುತ್ತಾ ಬಂದರು. ಮೇಲೆ ಟಣ್ ಅನ್ನುತ್ತಿತ್ತು. ಸೂರಿನ ಹತ್ತಿರ ಕತ್ತಿಯ ತುದಿ ಸದ್ದಿಲ್ಲದೆ ಒಳಗೆ ಹೋಯಿತು. ಸೋರಿದ ನೀರು ಪಕಾಸಿ ಹಿಡಿದು ಮಣ್ಣಿನ ಗೋಡೆಯ ತಲೆಗೆ ಇಳಿದಿತ್ತು. ತೇವ ಇದ್ದಲ್ಲಿ ಒರಲೆ ಮನೆ ಮಾಡಿತ್ತು. "ಇದು ಹೆಂಚಿನ ಕೆಲಸ ಅಲ್ಲ, ಮರದ ಕೆಲಸ" ಅಂದರು. ಹೇಳಿದ ಅಂದಾಜು 80 ಸಾವಿರ.

"ಸೋರುವುದು ಗೊತ್ತಿತ್ತು ಮಾರಾಯಾ, ಮೈಲುತುತ್ತ ತರಬೇಕಿತ್ತಲ್ಲ" ಅಂದರು ಅತ್ತೆ.

ಅಡಿಕೆ ಬೆಳೆಯುವವರಿಗೆ ಈ ಮಾತು ಅರ್ಥವಾಗುತ್ತದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅಡಿಕೆಗೆ ಹೊಡೆಯುವ ಔಷಧಿಗೆ ಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಜೋರಾಗುವ ಮೊದಲು ಈ ಔಷಧಿ ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಮೊಮ್ಮಗನ ಸ್ಕೂಲ್ ಫೀಸೂ ಅದೇ ಹೊತ್ತಿಗೆ. ಅಡಿಕೆ ಕೊಯ್ಲು ಮಳೆಗಾಲ ಮುಗಿದ ಮೇಲೆ. ಹೆಂಚಿನ ಕೆಲಸ ಮಳೆಗೆ ಮುಂಚೆ. ಕೈ ಖಾಲಿ ಇರುವಾಗಲೇ ಮನೆಯ ಮಾಡು ರಿಪೇರಿಗೆ ಬರುತ್ತದೆ. ಇಂಥವರನ್ನು ಸೋಮಾರಿಗಳು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅತ್ತೆ ಹೊಟ್ಟೆಪಾಡು ಉಳಿಸಿಕೊಂಡರು, ಅಷ್ಟೆ.

ಮನೆ ಬಿದ್ದರೆ ಪರಿಹಾರ ಇದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತ್ತು. ಅದು ಬೇಕೇ ಬೇಕು. ಆದರೆ ಬೀಳುವ ಮೊದಲು ನಾಲ್ಕು ರೀಪು ಬದಲಿಸಲು ಅತ್ತೆಯಂಥವರು ಯಾರನ್ನು ಕೇಳಬೇಕು?

ಸದ್ಯಕ್ಕೆ ಅಡುಗೆಮನೆ ಭಾಗ ಮಾತ್ರ ಮಾಡಿಸಿದೆವು. ಜಗಲಿ ಕಡೆ ಟಾರ್ಪಾಲು ಕಟ್ಟಿದ್ದೇವೆ. ಹಿರಿಯರು ಉಳಿದ ಮರದ ಅಳತೆ ಬರೆದುಕೊಂಡು ಹೋದರು. ಅಲ್ಲಿನ ಸಹಕಾರಿ ಸೊಸೈಟಿ ಮೈಲುತುತ್ತವನ್ನು ಸಾಲಕ್ಕೆ ಕೊಡುತ್ತದೆ, ಫಸಲು ಮಾರಿ ತೀರಿಸಬಹುದು. ಹೆಂಚು, ಮರಕ್ಕೂ ಹಾಗೇ ಕೊಡಬಹುದಲ್ವಾ? ಸೆಪ್ಟೆಂಬರ್ ಮಹಾಸಭೆಯಲ್ಲಿ ಎದ್ದು ನಿಂತು ಕೇಳುತ್ತೇನೆ ಅಂದಿದ್ದಾರೆ ಅತ್ತೆ. ಅರ್ಜಿ ನಾನು ಬರೆದುಕೊಡುತ್ತಿದ್ದೇನೆ.