ಕಿರೀಟ ಮನೆಗೆ ತಂದವನು ಯಾರು?

ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ, ಹೆಚ್ಚಿನ ಕಾಲ ಚಿನ್ನದ ಸಾಲದ ಕೌಂಟರಿನಲ್ಲಿ. ಅದಕ್ಕೇ ಇರಬೇಕು, ಷರ್ಲಾಕ್ ಹೋಮ್ಸ್‌ನ ಬೆರಿಲ್ (ಒಂದು ಬಗೆಯ ಬೆಲೆಬಾಳುವ ಹರಳು) ಕಿರೀಟದ ಕಥೆ ಓದಿದಾಗಲೆಲ್ಲ ನನಗೆ ಕಳ್ಳನಿಗಿಂತ ಬ್ಯಾಂಕರ್ ಮೇಲೆ ಸಿಟ್ಟು ಜಾಸ್ತಿ.

ಕಾನನ್ ಡಾಯ್ಲ್ ಅವರ ಈ ಕಥೆ 1892ರಲ್ಲಿ ಪ್ರಕಟವಾಯಿತು. ಲಂಡನ್ನಿನ ಅಲೆಕ್ಸಾಂಡರ್ ಹೋಲ್ಡರ್ ಎಂಬ ಬ್ಯಾಂಕರ್ ಹತ್ತಿರ ದೇಶದ ತುಂಬಾ ದೊಡ್ಡ ಮನುಷ್ಯನೊಬ್ಬ ಬರುತ್ತಾನೆ. 39 ಹರಳುಗಳ ಕಿರೀಟ ಅಡವಿಟ್ಟು 50,000 ಪೌಂಡ್ ಒಯ್ಯುತ್ತಾನೆ. ಅಡವಿನ ಬೆಲೆ ಕಡಿಮೆ ಎಂದರೂ ಸಾಲದ ಎರಡರಷ್ಟು. ಸರಿ, ನಾನಾದರೂ ಕೊಡುತ್ತಿದ್ದೆ. ಆದರೆ ಈ ಮಹಾಶಯ ಕಿರೀಟವನ್ನು ಮನೆಗೆ ತರುತ್ತಾನೆ! ಬ್ಯಾಂಕಿನ ತಿಜೋರಿ ಯಾರಾದರೂ ಒಡೆದರೆ ಅಂತ ಭಯವಂತೆ. ನಮ್ಮಲ್ಲಿ ಇಬ್ಬರು ತಮ್ಮ ತಮ್ಮ ಕೀಲಿ ಹಾಕದೆ ಸ್ಟ್ರಾಂಗ್ ರೂಮ್ ಬಾಗಿಲು ಅಲ್ಲಾಡುತ್ತಿರಲಿಲ್ಲ. ಇವನು ಡ್ರೆಸ್ಸಿಂಗ್ ರೂಮಿನ ಬೀರುವಿನಲ್ಲಿಟ್ಟು, ಊಟದ ನಂತರ ಕಾಫಿ ಕುಡಿಯುತ್ತಾ ಮನೆಯವರಿಗೆಲ್ಲ ಹೇಳಿಕೊಂಡು ಕೂರುತ್ತಾನೆ.

ಮಗ ಆರ್ಥರ್ ಆಗಲೇ ಎಚ್ಚರಿಸುತ್ತಾನೆ. ಆ ಬೀಗಕ್ಕೆ ಯಾವ ಹಳೇ ಕೀಲಿಯಾದರೂ ಆಗುತ್ತೆ, ಚಿಕ್ಕವನಿದ್ದಾಗ ನಾನೇ ತೆಗೆದಿದ್ದೆ ಅಂತ. ಕದಿಯಬೇಕೆಂದವನು ಇದನ್ನು ಬಾಯಿಬಿಟ್ಟು ಹೇಳುತ್ತಾನಾ? ಆದರೆ ಅದೇ ರಾತ್ರಿ ಅವನು ಜೂಜಿನ ಸಾಲಕ್ಕೆ 200 ಪೌಂಡ್ ಕೇಳಿ ಬೈಸಿಕೊಂಡಿದ್ದ.

ನಡುರಾತ್ರಿ ಎರಡು ಗಂಟೆಗೆ ಸದ್ದು ಕೇಳಿ ಅಪ್ಪ ಎದ್ದು ಬಂದರೆ, ಮಗ ಬರಿಗಾಲಲ್ಲಿ ಕಿರೀಟ ಹಿಡಿದು ಬಗ್ಗಿಸುತ್ತಿದ್ದಾನೆ. ಒಂದು ಮೂಲೆ ಮುರಿದು ಮೂರು ಹರಳು ಮಾಯ. ಅಪ್ಪನ ಬಾಯಿಂದ ಬಂದದ್ದು ಪ್ರಶ್ನೆ ಅಲ್ಲ, ಕಳ್ಳ ಎಂಬ ಬೈಗುಳ. ಮಗನ ಬಾಯಿ ಅಲ್ಲಿಗೆ ಕಟ್ಟಿಹೋಯಿತು. ಅವನು ಐದು ನಿಮಿಷ ಹೊರಗೆ ಹೋಗಿಬರುತ್ತೇನೆ ಎಂದರೂ ಬಿಡಲಿಲ್ಲ. ಪೊಲೀಸರ ಕೈಗೆ ಕೊಟ್ಟ. ಹಿಮದ ಬೀದಿಯಲ್ಲಿ ಮುರಿದ ತುಂಡು ಬಿದ್ದಿದೆಯೇನೋ ಅಂತ ಹುಡುಕಲು ಹೊರಟಿದ್ದ ಹುಡುಗ ಅವನು.

ಅವನು ನಿಜ ಹೇಳಿದ್ದರೆ ಮೇರಿ ಸಿಕ್ಕಿಬೀಳುತ್ತಿದ್ದಳು. ಹೋಲ್ಡರ್‌ನ ತೀರಿಹೋದ ಸಹೋದರನ ಮಗಳು, ಐದು ವರ್ಷದಿಂದ ಇದೇ ಮನೆಯಲ್ಲಿ ಮಗಳಂತೆ ಇದ್ದವಳು, ಆರ್ಥರ್ ಮನಸಾರೆ ಪ್ರೀತಿಸಿದವಳು. ಕಿಟಕಿಯಿಂದ ಕಿರೀಟ ದಾಟಿಸಿದ್ದು ಅವಳೇ, ಸರ್ ಜಾರ್ಜ್ ಬರ್ನ್‌ವೆಲ್ ಎಂಬ ಲಫಂಗನ ಕೈಗೆ. ಆರ್ಥರ್ ಹಿಂದೆಯೇ ಜಿಗಿದು ಜಗ್ಗಾಡಿ ಕಿತ್ತುಕೊಂಡು ಬಂದಿದ್ದ. ಅಪ್ಪ ನೋಡಿದಾಗ ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುತ್ತಿದ್ದ, ಅಷ್ಟೇ.

ತಪ್ಪಿಲ್ಲದಿದ್ದರೆ ಯಾಕೆ ಹೇಳಲಿಲ್ಲ ಅಂತ ಅಪ್ಪ ಕೇಳುತ್ತಾನೆ. ತಪ್ಪಿದ್ದರೆ ಒಂದು ಸುಳ್ಳಾದರೂ ಕಟ್ಟಬಹುದಿತ್ತಲ್ಲ ಅಂತ ಹೋಮ್ಸ್. ಅವನು ಗುಟ್ಟು ಬಿಡಿಸಲು ಬಳಸಿದ ಹಿಮದ ಮೇಲಿನ ಹೆಜ್ಜೆ ಗುರುತುಗಳಿಗಿಂತ ನನಗೆ ಈ ಮಾತು ಇಷ್ಟ.

ಒಮ್ಮೆ ನಮ್ಮ ಕೌಂಟರಿನಲ್ಲಿ ಸಂಜೆ ಲೆಕ್ಕ ಕೂಡಲಿಲ್ಲ. ನಾನು ಮೊದಲು ನೋಡಿದ್ದು ಹೊಸದಾಗಿ ಸೇರಿದ್ದ ಹುಡುಗನ ಮುಖ. ನೋಟು ನನ್ನದೇ ಕಟ್ಟಿನಲ್ಲಿ ಅಂಟಿಕೊಂಡಿತ್ತು. ಬಾಯಲ್ಲಿ ಏನೂ ಅಂದಿರಲಿಲ್ಲ, ಆದರೂ ಆಮೇಲೆ ಅವನು ನನ್ನ ಜೊತೆ ಟೀಗೆ ಬರಲಿಲ್ಲ.

ಕೊನೆಗೆ ಹೋಲ್ಡರ್ ಹೋಮ್ಸ್‌ಗೆ 4,000 ಪೌಂಡಿನ ಚೆಕ್ ಬರೆದು, ಕಳೆದ ಹರಳು ಪಡೆಯುತ್ತಾನೆ. ಮಗನ ಕ್ಷಮೆ ಕೇಳಲು ಓಡುತ್ತೇನೆ ಎನ್ನುತ್ತಾನೆ. ಅದರ ಬೆನ್ನಿಗೇ ಮನೆ ಬಿಟ್ಟು ಹೋದ ಮೇರಿ ಎಲ್ಲಿದ್ದಾಳೋ ಅಂತ ಕೊರಗುತ್ತಾನೆ. ಅಪ್ಪ ಮಗನ ಎದುರು ನಿಲ್ಲುವ ಹೊತ್ತಿಗೆ ಕಥೆಯೇ ಮುಗಿದಿರುತ್ತದೆ.