ಟಿಬಿ ನಕ್ಷೆಯ ಪ್ರಗತಿ: ಮಿರ್-155 ಎಲ್ಲಿ ಕೂರಬೇಕು?

ಮೂರು ವಾರದಿಂದ ಏನೂ ಬರೆದಿರಲಿಲ್ಲ, ಆದರೆ ಕೆಲಸ ನಿಂತಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು: ಟಿಬಿ ಬ್ಯಾಕ್ಟೀರಿಯಾ ಮೈಯೊಳಗೆ ಹೊಕ್ಕ ಮೇಲೆ ಯಾವ ಮೈಕ್ರೋಆರ್‌ಎನ್‌ಎ ಏರುತ್ತದೆ, ಯಾವುದು ಇಳಿಯುತ್ತದೆ, ಅದರಿಂದ ಲಾಭ ಯಾರಿಗೆ ಅಂತ ಕನ್ನಡದಲ್ಲೇ ಒಂದು ದೊಡ್ಡ ನಕ್ಷೆ ಮಾಡುತ್ತಿದ್ದೇನೆ. ನಮ್ಮ ಮಾವ ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದನ್ನು ಹತ್ತಿರದಿಂದ ನೋಡಿದ್ದೆ. ಅಲ್ಲಿಂದ ಹತ್ತಿದ ಹುಚ್ಚು ಇದು.

ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರಗಳ ಚಿಕ್ಕ ಚೂರು. ಪ್ರೋಟೀನ್ ಮಾಡುವ ಎಂಆರ್‌ಎನ್‌ಎ ಬಾಲಕ್ಕೆ ಅಂಟಿಕೊಂಡು ಆ ಪ್ರೋಟೀನ್ ಜಾಸ್ತಿ ಆಗದಂತೆ ನೋಡಿಕೊಳ್ಳುತ್ತದೆ. ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಪುಟಾಣಿ ಹುಳದಲ್ಲಿ. ಅದಕ್ಕೇ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಬಂದದ್ದು.

ಈ ಸಲ ಮೊದಲು ಮಿರ್-29 ಅನ್ನುವ ಮೈಕ್ರೋಆರ್‌ಎನ್‌ಎ ಹಿಡಿದೆ ('ಮಿರ್' ಅಂದರೆ ಮೈಕ್ರೋಆರ್‌ಎನ್‌ಎಯ ಚುಟುಕು ಹೆಸರು). ಅದು ಅಂಟುವ ಜಾಗ ಹುಡುಕಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಎರಡು ಸಂಜೆ ಏನೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಜೋಡಿ ಅಕ್ಷರ (ಎಗೆ ಯು, ಜಿಗೆ ಸಿ) ಹಾಕಿದ್ದೆ, ಆದರೆ ಸಾಲನ್ನು ತಿರುಗಿಸಿರಲಿಲ್ಲ. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಕೂರುತ್ತವೆ ಅಲ್ವಾ! ಮಿರ್-29ರ ಮುಖ್ಯ ಏಳು ಅಕ್ಷರ ಎ-ಜಿ-ಸಿ-ಎ-ಸಿ-ಸಿ-ಎ, ಹಾಗಾಗಿ ಹುಡುಕಬೇಕಾದದ್ದು ಯು-ಜಿ-ಜಿ-ಯು-ಜಿ-ಸಿ-ಯು. ತಿರುಗಿಸಿದ ಕೂಡಲೇ ಇಂಟರ್‌ಫೆರಾನ್ ಗಾಮಾ ಅನ್ನುವ ಪ್ರೋಟೀನಿನ ಎಂಆರ್‌ಎನ್‌ಎ ಬಾಲದ ಕೊನೆಯ ಕಡೆ ಸಿಕ್ಕೇ ಬಿಟ್ಟಿತು. ಆದರೆ ಏಳು ಅಕ್ಷರದ ಹೊಂದಿಕೆ 16,384ಕ್ಕೆ ಒಮ್ಮೆ ಸುಮ್ನೆ ಕಾಕತಾಳೀಯವಾಗಿಯೂ ಬರಬಹುದು, ಆ ಬಾಲವೋ ಸುಮಾರು 600 ಅಕ್ಷರದ್ದು, ಅಂದರೆ ನೂರಕ್ಕೆ ನಾಲ್ಕರಷ್ಟು ಅವಕಾಶ ಅದಕ್ಕೂ ಇದೆ. ಅದಕ್ಕೇ ಪ್ರಯೋಗದ ಪುರಾವೆ ಇಲ್ಲದೆ ನಕ್ಷೆಯಲ್ಲಿ ಬಾಣ ಎಳೆಯುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ.

ಮಿರ್-29ಕ್ಕೆ ಪುರಾವೆ ಇದೆ. ಅದನ್ನು ಸ್ಪಂಜಿನಂತೆ ಹೀರಿಕೊಳ್ಳುವ ಜೀನ್ ಸೇರಿಸಿದ ಇಲಿಗಳಲ್ಲಿ ಟಿ ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಪ್ರತಿಕ್ರಿಯೆ ಜೋರಾಯಿತು, ಆ ಇಲಿಗಳು ಟಿಬಿ ಸೋಂಕನ್ನು ಚೆನ್ನಾಗಿ ತಡೆದುಕೊಂಡವು. ಇದು 2011ರ ಕೆಲಸ. ಇಂಟರ್‌ಫೆರಾನ್ ಗಾಮಾ ಅಂದರೆ ಟಿ ಕೋಶಗಳು ಮ್ಯಾಕ್ರೋಫೇಜ್‌ಗಳಿಗೆ (ಬ್ಯಾಕ್ಟೀರಿಯಾ ನುಂಗುವ ರಕ್ಷಣಾ ಕೋಶಗಳಿಗೆ) 'ಒಳಗಿರುವುದನ್ನು ಕೊಲ್ಲು' ಅಂತ ಕಳಿಸುವ ಸುದ್ದಿ. ಬಾಣ ಎಳೆದೆ.

ಮಿರ್-155 ಮಾತ್ರ ನನ್ನ ನಕ್ಷೆಯನ್ನೇ ಬುಡಮೇಲು ಮಾಡಿತು. ಇಲ್ಲಿಯವರೆಗೆ ಎಡಗಡೆ 'ಬ್ಯಾಕ್ಟೀರಿಯಾಕ್ಕೆ ಸಹಾಯ', ಬಲಗಡೆ 'ನಮಗೆ ಸಹಾಯ' ಅಂತ ಎರಡು ಗುಂಪು ಇಟ್ಟಿದ್ದೆ. ಇದು ಎರಡರಲ್ಲೂ ಕೂರುತ್ತದೆ. 2016ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ಸೋಂಕು ತಗುಲಿದ ಮ್ಯಾಕ್ರೋಫೇಜ್ ಸಾಯದಂತೆ ಮಿರ್-155 ಕಾಪಾಡುತ್ತದೆ, ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಮನೆ ಉಳಿಯುತ್ತದೆ. ಅದೇ ಮಿರ್-155 ಟಿಬಿ ವಿರುದ್ಧದ ಟಿ ಕೋಶಗಳನ್ನೂ ಉಳಿಸುತ್ತದೆ, ಅದು ನಮಗೆ ಒಳ್ಳೆಯದು. ಇನ್ನೊಂದು ಕಡೆ, ನಮ್ಮ ಬೆಂಗಳೂರಿನ ಐಐಎಸ್ಸಿಯವರು 2012ರಲ್ಲಿ ಬಿಸಿಜಿ ಹಿಡಿದು ನೋಡಿದಾಗ ಮ್ಯಾಕ್ರೋಫೇಜ್ ಸಾಯಲು ಮಿರ್-155 ಬೇಕೇ ಬೇಕು ಅಂತ ಕಂಡುಕೊಂಡಿದ್ದರು. ಒಂದರಲ್ಲಿ ಉಳಿಸುತ್ತದೆ, ಇನ್ನೊಂದರಲ್ಲಿ ಸಾಯಿಸುತ್ತದೆ! ಬಿಸಿಜಿ ದುರ್ಬಲಗೊಳಿಸಿದ ಲಸಿಕೆ ಬ್ಯಾಕ್ಟೀರಿಯಾ, ನಿಜವಾದ ಟಿಬಿ ಬ್ಯಾಕ್ಟೀರಿಯಾ ಅಲ್ಲ. ಹಾಗಾಗಿ ಇವೆರಡನ್ನು ಒಂದೇ ಬಾಣಕ್ಕೆ ಸೇರಿಸುವುದು ತಪ್ಪು ಅಂತ ನನ್ನ ತೀರ್ಮಾನ.

ಎರಡೂ ಗುಂಪು ಅಳಿಸಿ ಹಾಕಿದೆ. ಈಗ ಪ್ರತಿ ಬಾಣದ ಮೇಲೂ ಮೂರು ಮಾತು ಇರುತ್ತದೆ: ಯಾವ ಕೋಶ, ಯಾವ ಬ್ಯಾಕ್ಟೀರಿಯಾ, ಇಲಿಯೋ ಮನುಷ್ಯರೋ. ಹಳೆಯ ಬಾಣಗಳಲ್ಲಿ ಅರ್ಧಕ್ಕೆ ಮಾತ್ರ ಇದನ್ನು ಬರೆದು ಮುಗಿಸಿದ್ದೇನೆ.

ಮುಂದಿನ ವಾರ ಮಿರ್-33. ಇದನ್ನು ಟಿಬಿ ಬ್ಯಾಕ್ಟೀರಿಯಾ ತಾನೇ ಏರಿಸಿ, ಕೋಶ ತನ್ನೊಳಗಿನ ಕಸವನ್ನು ಜೀರ್ಣಿಸಿಕೊಳ್ಳುವ ಆಟೋಫಜಿಯನ್ನು ತಡೆಯುತ್ತದೆ, ಜೊತೆಗೆ ಕೋಶದ ಕೊಬ್ಬಿನ ಲೆಕ್ಕವನ್ನೂ ಬದಲಿಸುತ್ತದೆ. ಆಟೋಫಜಿಗೆ ಒಳ್ಳೆಯ ಕನ್ನಡ ಪದ ಹೊಳೆದರೆ ಹೇಳಿ, ನಕ್ಷೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.