ಎಸ್ಟೀಮ್ ಟರ್ಬೊ: ಪೆಟ್ರೋಲಿನ ಒತ್ತಡ ಹದಕ್ಕೆ ಬಂತು

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿದ ಮೇಲೆ ನನ್ನ ಮಾರುತಿ ಎಸ್ಟೀಮ್ ಕಾರಿನ ಪೆಟ್ರೋಲಿನ ದಾರಿಗೆ ಕೈ ಹಾಕಿದ್ದೆ. ಆ ಕೆಲಸ ಬಹುಮಟ್ಟಿಗೆ ಮುಗಿದಿದೆ. ಎಂಜಿನ್ನು 1298 ಸಿಸಿಯದು, 16 ವಾಲ್ವಿನದು. ಕಾರ್ಖಾನೆಯಿಂದ ಬಂದಾಗ 85 ಅಶ್ವಶಕ್ತಿ. ನನ್ನ ಗುರಿ 0.5 ಬಾರ್ ಬೂಸ್ಟಿನಲ್ಲಿ, ಅಂದರೆ ಟರ್ಬೊ ಹೊರಗಿನ ಗಾಳಿಗಿಂತ ಹೆಚ್ಚಿಗೆ ತುಂಬುವ ಒತ್ತಡದಲ್ಲಿ, 120ರ ಆಸುಪಾಸು.

ಬೆಂಗಳೂರಿನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಟರ್ಬೊ ಎಂದು ಬಾಯಿ ಬಿಟ್ಟರೆ ಸಾಕು, ಗಂಟೆಗೆ 255 ಲೀಟರಿನ ಪಂಪ್ ಮುಂದೆ ಬಂದು ಕೂರುತ್ತದೆ. ‘ದೊಡ್ಡದನ್ನೇ ಹಾಕಿಬಿಡಿ ಸರ್, ಆಮೇಲೆ ತಲೆನೋವು ಇರುವುದಿಲ್ಲ’ ಎಂದರು ಅಂಗಡಿಯವರು. ತಲೆನೋವು ಶುರುವಾಗುವುದೇ ಅಲ್ಲಿಂದ ಎಂಬುದು ನನ್ನ ಅಭಿಪ್ರಾಯ. ಟರ್ಬೊ ಎಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲು ಬೇಡುತ್ತದೆ ಎಂದು ಹಿಡಿಯಿರಿ. 120ಕ್ಕೆ 32 ಕಿಲೋ ಚಿಲ್ಲರೆ, ಅಂದರೆ ಸುಮಾರು 44 ಲೀಟರು. ಉಳಿದದ್ದೆಲ್ಲ ಬಿಸಿ ಎಂಜಿನ್ನಿನ ಪಕ್ಕದ ರೇಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆ) ಸುತ್ತಿ ಟ್ಯಾಂಕಿಗೆ ವಾಪಸಾಗಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಎಂಜಿನ್ನು ಕುಡಿಯುವುದು ತೀರಾ ಕಡಿಮೆ. ದೊಡ್ಡ ಪಂಪು ಇಡೀ ಟ್ಯಾಂಕನ್ನೇ ಕಾಯಿಸುತ್ತದೆ. ಹಾಗಾಗಿ 3.5 ಬಾರ್ ಒತ್ತಡದಲ್ಲೂ ಗಂಟೆಗೆ 100 ಲೀಟರು ಕೊಡುವ, ಟ್ಯಾಂಕಿನೊಳಗೇ ಮುಳುಗಿರುವ ಪಂಪನ್ನು ಆರಿಸಿದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನೋಡಿ ಕೊಳ್ಳಬೇಡಿ. ಒತ್ತಡ ಏರಿದಂತೆ ಪಂಪು ಕೊಡುವ ಪ್ರಮಾಣ ಇಳಿಯುತ್ತದೆ, ಆ ಪಟ್ಟಿಯನ್ನು ಕೇಳಿ ಪಡೆಯಿರಿ.

ಇಷ್ಟಾದರೂ, ರೇಲಿನ ಒತ್ತಡವನ್ನು ಹದದಲ್ಲಿಡಲು ಹಾಕಿದ ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲಿಸಿದಾಗ ಒತ್ತಡ 3.2 ಬಾರಿಗಿಂತ ಕೆಳಗಿಳಿಯಲಿಲ್ಲ. ಹೊಸ ರೆಗ್ಯುಲೇಟರೇ ಕೆಟ್ಟಿದೆ ಎಂದು ಯಾರಾದರೂ ಹೇಳುತ್ತಾರೆ. ಆದರೆ ರೆಗ್ಯುಲೇಟರ್ ಮಾಡುವುದು ಹೆಚ್ಚಾದ ಪೆಟ್ರೋಲನ್ನು ಹೊರಗೆ ಬಿಡುವ ಕೆಲಸವನ್ನಷ್ಟೇ. ಹೋಗಲು ದಾರಿಯೇ ಇಕ್ಕಟ್ಟಾಗಿದ್ದರೆ ಅದು ಏನು ಮಾಡೀತು? ರಿಟರ್ನ್ ಪೈಪು ಹಿಂದಿನ ಆಕ್ಸಲ್ ಹತ್ತಿರದ ತಿರುವಿನಲ್ಲಿ ಚಪ್ಪಟೆಯಾಗಿತ್ತು. ಅದನ್ನು ತೆಗೆದು 8 ಮಿಲಿಮೀಟರಿನ ಹೊಸ ಪೈಪು ಎಳೆದ ಮೇಲೆ ಒತ್ತಡ ಎರಡು ಬಾರಿನವರೆಗೂ ಇಳಿಯಿತು. ಆಮೇಲೆ ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ರೆಗ್ಯುಲೇಟರಿಗೆ ಬರುವ ವ್ಯಾಕ್ಯೂಮ್ ಪೈಪು ಕಳಚಿ, ಅದರ ಬಾಯಿ ಮುಚ್ಚಿ, ಐಡಲಿನಲ್ಲಿ 3.0 ಬಾರಿಗೆ ನಿಲ್ಲಿಸಿ ಲಾಕ್ ನಟ್ ಬಿಗಿದೆ.

ಪೈಪು ಮತ್ತೆ ಜೋಡಿಸಿದಾಗ ಮುಳ್ಳು 2.45ಕ್ಕೆ ಬಂತು. ಇನ್ನೂ ಇಳಿಯಬೇಕಲ್ಲವೇ ಎಂದು ಜೊತೆಗಿದ್ದ ಗೆಳೆಯ ಅನುಮಾನಪಟ್ಟ. ಪುಸ್ತಕಗಳ ಅಂಕಿಗಳು ಸಮುದ್ರಮಟ್ಟದವು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ 0.91 ಬಾರ್, ಮ್ಯಾನಿಫೋಲ್ಡಿನಲ್ಲಿ 0.35 ಉಳಿದರೆ ವ್ಯಾಕ್ಯೂಮ್ ಸಿಗುವುದು 0.56 ಮಾತ್ರ. ಮುಳ್ಳು ಸರಿಯಾಗಿಯೇ ಇತ್ತು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನ ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ಸದಾ 3.0 ಇರಬೇಕು, ನಾನು ನೋಡುವುದು ಅದೊಂದನ್ನೇ. ಬೂಸ್ಟ್ 0.5 ಆದಾಗ ರೇಲಿನಲ್ಲಿ 3.5 ಇರಬೇಕು. ಇಲ್ಲದಿದ್ದರೆ ಮಿಶ್ರಣ ತೆಳುವಾಗುತ್ತದೆ, ಅದು ತಾನಾಗಿಯೇ ಸಿಡಿದು ಎಂಜಿನ್ನು ನಾಕ್ ಮಾಡುತ್ತದೆ, ಪಿಸ್ಟನ್ ಹೋಗುತ್ತದೆ.

ಬಾನೆಟ್ಟಿನೊಳಗಿನ ಗೇಜಿನಿಂದ ಓಡುವಾಗಿನ ಸ್ಥಿತಿ ಗೊತ್ತಾಗದು. ಆದ್ದರಿಂದ ರೇಲಿಗೆ ಒಂದು ಸೆನ್ಸರ್ ಹಾಕಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಜೋಡಿಸಿದೆ. 5500 ಆರ್‌ಪಿಎಂ ದಾಟಿದಂತೆ ವ್ಯತ್ಯಾಸ 2.7ಕ್ಕೆ ಕುಸಿಯುತ್ತಿದ್ದುದು ಕಂಡದ್ದು ಹಾಗೆ. ಪಂಪು ಚಿಕ್ಕದಾಯಿತೇನೋ ಎಂದು 255 ಲೀಟರಿನವರು ನಗುವ ಮೊದಲೇ ಮಲ್ಟಿಮೀಟರ್ ಹಿಡಿದೆ: ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ತುದಿಯಲ್ಲಿ 11.3. ಬೇಸಿಗೆಯ ಸಂಜೆ ವೋಲ್ಟೇಜ್ ಬಿದ್ದಾಗ ಬೋರ್‌ವೆಲ್ ಮೋಟಾರು ನರಳುವಂಥದ್ದೇ ಸ್ಥಿತಿ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಬ್ಯಾಟರಿ ಬಳಿಯೇ ಫ್ಯೂಸು, ಹಿಂದೆ ರಿಲೇ, ಹೊಸ ಅರ್ಥಿಂಗ್. ಇಸಿಯು ಹಿಡಿತದಲ್ಲಿರುವ ಹಳೆಯ ವೈರು ಈಗ ರಿಲೇಯನ್ನು ಎಬ್ಬಿಸುವುದಕ್ಕಷ್ಟೇ. ಹಾಗೆ ಮಾಡಿದ್ದರಿಂದ ಎಂಜಿನ್ನು ನಿಂತರೆ ಪಂಪೂ ನಿಲ್ಲುತ್ತದೆ. ಇಗ್ನಿಷನ್ನಿಗೆ ನೇರವಾಗಿ ಕಟ್ಟಿದರೆ ಅಪಘಾತದಲ್ಲೂ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಈಗ ಪಂಪಿಗೆ 13.3 ವೋಲ್ಟ್ ಸಿಗುತ್ತಿದೆ, ವ್ಯತ್ಯಾಸ ಕೊನೆಯವರೆಗೂ 2.95ಕ್ಕಿಂತ ಇಳಿಯುತ್ತಿಲ್ಲ.

ಎಥನಾಲಿನ ಲೆಕ್ಕವನ್ನೂ ಬಿಡುವಂತಿಲ್ಲ. 20 ಶೇಕಡಾ ಎಥನಾಲು ಬೆರೆಸಿದ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಒಂದು ಪಾಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಇ20ಯಲ್ಲಿ ಅದೇ ಗಾಳಿಗೆ ಸುಮಾರು ಎಂಟು ಶೇಕಡಾ ಹೆಚ್ಚು ಇಂಧನ ಬೇಕು. ಮೇಲಿನ 44 ಲೀಟರು 48ರ ಹತ್ತಿರವಾಗುತ್ತದೆ. ಹಳೆಯ ರಬ್ಬರಿಗೂ ಎಥನಾಲು ಆಗಿಬರುವುದಿಲ್ಲ. ಹೊರಗೆಲ್ಲ ಆರ್9 ದರ್ಜೆಯ ಹೋಸು, ಟ್ಯಾಂಕಿನೊಳಗೆ ಮುಳುಗುವ ತುಂಡಿಗೆ ಆರ್10. ಮೈಮೇಲೆ ಬರೀ ಫ್ಯುಯಲ್ ಎಂದು ಅಚ್ಚಾದ ಹೋಸನ್ನು ಎಷ್ಟು ಅಗ್ಗವಾದರೂ ಇಂಜೆಕ್ಷನ್ ಗಾಡಿಗೆ ಹಾಕಬೇಡಿ.

ಒಂದು ಕೆಲಸ ಬಾಕಿಯಿದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಉದ್ದನೆಯ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಓಡಿ ಪಂಪು ಗಾಳಿ ಕುಡಿಯುತ್ತಿದೆ. ಆಗ ರೇಲಿನ ಒತ್ತಡ ಕ್ಷಣಕಾಲ ಕುಸಿಯುತ್ತದೆ. ಪಂಪಿನ ಸುತ್ತ ಪೆಟ್ರೋಲು ಹಿಡಿದಿಡುವ ಸಣ್ಣ ಬಟ್ಟಲನ್ನು ಅಲ್ಯೂಮಿನಿಯಮಿನಲ್ಲಿ ವೆಲ್ಡ್ ಮಾಡಿಸಬೇಕು. ಅಳತೆ ಬರೆದು ಪೀಣ್ಯದ ವರ್ಕ್‌ಶಾಪೊಂದಕ್ಕೆ ಕೊಟ್ಟಿದ್ದೇನೆ. ಅದು ಬರುವವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದರೆ ಬೂಸ್ಟಿಗೆ ಕಾಲು ಒತ್ತುವುದಿಲ್ಲ.